ಮುಂದಿನ ಬೇಸ್‌ಬಾಲ್ ಸೀಸನ್‌ನಲ್ಲಿ ಯಾರ ಆಟ ಎಲ್ಲರಿಗಿಂತ ಜಾಸ್ತಿ ಸುಧಾರಿಸುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಸೀಸನ್ ಮಾರ್ಚ್ ಕೊನೆಗೆ ಶುರುವಾಗುತ್ತದೆ. ಅದಕ್ಕೂ ಮುಂಚೆ ಎರಡು ಮೂರು ತಿಂಗಳು ಎಲ್ಲರ ಬಾಯಲ್ಲೂ ಒಂದೇ ಮಾತು: ಈ ಸಲ ಯಾರು ಮೇಲೆ ಬರುತ್ತಾರೆ? ನ್ಯೂಜೆರ್ಸಿಯಲ್ಲೋ ಬೇ ಏರಿಯಾದಲ್ಲೋ ಆಫೀಸಿನ ಫ್ಯಾಂಟಸಿ ಲೀಗ್‌ಗೆ ಸೇರಿಕೊಂಡಿರುವ ಕನ್ನಡಿಗರಿಗೂ, ಊರಲ್ಲೇ ಕೂತು ಅಂಕಿಸಂಖ್ಯೆಯ ರುಚಿಗಾಗಿ ಈ ಆಟ ನೋಡುವವರಿಗೂ ಉಪಯೋಗವಾಗಲಿ ಎಂದು ಇದನ್ನು ಬರೆದಿದ್ದೇನೆ.

ಇದನ್ನೆಲ್ಲ ನಿಜವಾಗಿ ಮೊದಲೇ ಹೇಳಲು ಆಗುತ್ತದಾ?

ಒಂದು ಮಟ್ಟಿಗೆ ಆಗುತ್ತದೆ. ಆದರೆ ಕೇಳುವ ಪ್ರಶ್ನೆ ಸರಿಯಾಗಿರಬೇಕು. "ಈ ಸಲ ಯಾರು ಮಿಂಚುತ್ತಾರೆ?" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. "ತನ್ನ ನಿಜವಾದ ಮಟ್ಟಕ್ಕಿಂತ ಹೋದ ವರ್ಷ ಕೆಳಗೆ ಆಡಿದವರು ಯಾರು? ಅವರನ್ನು ತಡೆದದ್ದು ಏನು?" ಎಂದು ಕೇಳಿದರೆ ಸಿಗುತ್ತದೆ.

ಸುಧಾರಣೆ ಎರಡು ಬಗೆಯದು. ಕೆಟ್ಟ ಅದೃಷ್ಟದಿಂದಲೋ ಗಾಯದಿಂದಲೋ ಕೆಳಗೆ ಬಿದ್ದವನು ತನ್ನ ಜಾಗಕ್ಕೆ ವಾಪಸ್ ಬರುವುದು ಒಂದು. ಆಟಗಾರ ನಿಜಕ್ಕೂ ಬದಲಾಗುವುದು ಇನ್ನೊಂದು: ಹೊಸ ಸ್ವಿಂಗ್ (ಬ್ಯಾಟ್ ಬೀಸುವ ರೀತಿ), ಹೊಸ ಪಿಚ್ (ಎಸೆತದ ಬಗೆ), ಬಲಿತ ಮೈ. ಮೊದಲನೆಯದು ಮಾಮೂಲಿ. ಅದನ್ನು ಲೆಕ್ಕದಿಂದಲೇ ಹಿಡಿಯಬಹುದು. ಎರಡನೆಯದು ಅಪರೂಪ, ಜನ ನೆನಪಿಟ್ಟುಕೊಳ್ಳುವುದು ಅದನ್ನೇ. ಹಾಗಾಗಿ ಎಲ್ಲರೂ ಎರಡನೆಯದನ್ನೇ ಹುಡುಕಿಕೊಂಡು ಹೋಗುತ್ತಾರೆ. ಮೊದಲನೆಯದರಿಂದ ಶುರು ಮಾಡಿ ಎಂಬುದೇ ನನ್ನ ಸಲಹೆ. ಈ ಪುಟದ ಬಹುಪಾಲು ಮಾತು ಅದರ ಸುತ್ತಲೇ ಇದೆ.

ನಾವು ಕ್ರಿಕೆಟ್ ನೋಡಿ ಬೆಳೆದವರು. ಈ ಅಂಕಿಗಳನ್ನು ಹೇಗೆ ಓದುವುದು?

ಇಷ್ಟು ಗೊತ್ತಿದ್ದರೆ ಸಾಕು. ಬ್ಯಾಟಿಂಗ್ ಆವರೇಜ್ .300 ಎಂದರೆ ಹತ್ತರಲ್ಲಿ ಮೂರು ಸಲ ಹಿಟ್ ಸಿಕ್ಕಿದೆ, ಅಂದರೆ ಹೊಡೆದು ಔಟಾಗದೆ ಬೇಸ್ ತಲುಪಿದ್ದಾನೆ ಎಂದರ್ಥ. ರನ್ನನ್ನು ಔಟ್‌ನಿಂದ ಭಾಗಿಸುವ ನಮ್ಮ ಲೆಕ್ಕ ಇಲ್ಲಿಲ್ಲ. ಆನ್-ಬೇಸ್ ಪರ್ಸೆಂಟೇಜ್‌ನಲ್ಲಿ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಸಿಗುವ ಬೇಸ್) ಕೂಡ ಸೇರುತ್ತದೆ, ಅಂದರೆ ಔಟಾಗದೆ ಬೇಸ್ ಮುಟ್ಟಿದ ಪಾಲು. ಅದು .320ರ ಆಸುಪಾಸಿನಲ್ಲಿದ್ದರೆ ಸಾಧಾರಣ. ಪಿಚರ್‌ನ ಇಆರ್‌ಎ ಎಂದರೆ ಚೆಂಡು ಎಸೆಯುವ ಅವನು, ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ ಬಿಟ್ಟು, ಒಂಬತ್ತು ಇನಿಂಗ್ಸ್‌ಗೆ ಎಷ್ಟು ರನ್ ಕೊಟ್ಟ ಎಂಬುದು. ಕಡಿಮೆ ಇದ್ದಷ್ಟೂ ಒಳ್ಳೆಯದು. 4ರ ಹತ್ತಿರ ಸಾಧಾರಣ, 3ಕ್ಕಿಂತ ಕೆಳಗೆ ಅಂದರೆ ಬಹಳ ಚೆನ್ನಾಗಿದೆ. ಸೀಸನ್‌ಗೆ 162 ಪಂದ್ಯ. ದಿನಾ ಆಡುವ ಬ್ಯಾಟರ್‌ಗೆ 600ಕ್ಕೂ ಹೆಚ್ಚು ಸರದಿ ಸಿಗುತ್ತವೆ.

"ಸುಧಾರಣೆ" ಎಂದರೆ ಯಾವುದಕ್ಕೆ ಹೋಲಿಸಿ?

ಇದನ್ನು ಮೊದಲೇ ತೀರ್ಮಾನಿಸದೆ ಎಷ್ಟೋ ಜನ ಸುಮ್ನೆ ವಾದ ಮಾಡುತ್ತಾರೆ. ಹೋದ ವರ್ಷಕ್ಕೆ ಹೋಲಿಸಿದರೆ, ಹೋದ ವರ್ಷ ಹಾಳಾಗಿ ಆಡಿದವರೆಲ್ಲ ಪಟ್ಟಿಯ ಮೇಲೆ ಬರುತ್ತಾರೆ. ಹಿಂದಿನ ಮೂರು ವರ್ಷಕ್ಕೆ ಹೋಲಿಸಿದರೆ ಪಟ್ಟಿ ಬೇರೆಯಾಗುತ್ತದೆ. ಅಂಕಿಸಂಖ್ಯೆ ವಿಶ್ಲೇಷಕ ನೇಟ್ ಸಿಲ್ವರ್ ಕಟ್ಟಿ 2003ರಲ್ಲಿ ಹೊರಬಂದ ಪೆಕೋಟಾ ಎಂಬ ಅಂದಾಜು ಪದ್ಧತಿ ಈ ಎರಡನೇ ದಾರಿ ಹಿಡಿಯಿತು. ಹಿಂದಿನ ಮೂರು ವರ್ಷಗಳ ತೂಕದ ಸರಾಸರಿಗಿಂತ ಕನಿಷ್ಠ 20 ಶೇಕಡಾ ಮೇಲೇರುವ ಸಾಧ್ಯತೆ ಎಷ್ಟು ಎಂದು ಒಬ್ಬೊಬ್ಬ ಆಟಗಾರನಿಗೂ ಅದು ಹೇಳುತ್ತದೆ. ಬೀಳುವ ಸಾಧ್ಯತೆಯನ್ನೂ ಪಕ್ಕದಲ್ಲೇ ಹೇಳುತ್ತದೆ. ಅದು ನನಗೆ ಬಹಳ ಹಿಡಿಸಿದ ಗುಣ.

ಮೂರನೆಯದೊಂದು ಹೋಲಿಕೆಯೂ ಇದೆ: ಜನ ಇಟ್ಟುಕೊಂಡಿರುವ ನಿರೀಕ್ಷೆಗೆ ಹೋಲಿಸುವುದು. ಫ್ಯಾಂಟಸಿ ಆಡುವವರಿಗೆ ಬೇಕಾದದ್ದು ಇದೇ. ಎಲ್ಲರಿಗೂ ಗೊತ್ತಿರುವ ಸುಧಾರಣೆಯಿಂದ ಅಲ್ಲಿ ಲಾಭವಿಲ್ಲ.

ಲೆಕ್ಕ ಎಲ್ಲಿಂದ ಶುರು ಮಾಡಬೇಕು?

ಮಾರ್ಸೆಲ್‌ನಿಂದ. ಟಾಮ್ ಟ್ಯಾಂಗೋ ಎಂಬ ಹೆಸರಿನಲ್ಲಿ ಬರೆಯುವ ವಿಶ್ಲೇಷಕರು ಕೊಟ್ಟ ಸರಳ ಸೂತ್ರ ಇದು. ಕೋತಿಯೂ ಮಾಡಬಹುದಾದಷ್ಟು ಸುಲಭ ಎಂದು ಅವರೇ ಇದಕ್ಕೆ ಕೋತಿಯ ಹೆಸರಿಟ್ಟರು. ಬ್ಯಾಟರ್‌ನ ಹಿಂದಿನ ಮೂರು ವರ್ಷಗಳಿಗೆ 5, 4, 3 ಎಂದು ತೂಕ ಕೊಡಿ, ತೀರಾ ಹತ್ತಿರದ ವರ್ಷಕ್ಕೆ 5. ಆಮೇಲೆ ಲೀಗ್‌ನ ಸರಾಸರಿಯನ್ನು 1200 ಸರದಿಗಳಷ್ಟು ಬೆರೆಸಿ. ಕೊನೆಗೆ ವಯಸ್ಸು. 29ಕ್ಕಿಂತ ಚಿಕ್ಕವನಾದರೆ ವರ್ಷಕ್ಕೆ 0.6 ಶೇಕಡಾ ಕೂಡಿಸಿ, ದೊಡ್ಡವನಾದರೆ ವರ್ಷಕ್ಕೆ 0.3 ಶೇಕಡಾ ಕಳೆಯಿರಿ.

ಒಂದು ಲೆಕ್ಕ ಮಾಡಿಯೇ ನೋಡೋಣ. ಮುಂದಿನ ಸೀಸನ್‌ಗೆ 24 ತುಂಬುವ ಒಬ್ಬ ಬ್ಯಾಟರ್ ಇದ್ದಾನೆ ಎಂದುಕೊಳ್ಳಿ. ಅವನ ಆನ್-ಬೇಸ್ ಪರ್ಸೆಂಟೇಜ್ ಮೂರು ವರ್ಷದಲ್ಲಿ .330, .310, .280 ಎಂದು ಇಳಿಯುತ್ತಾ ಬಂದಿದೆ. ಪ್ರತಿ ವರ್ಷ 500 ಸರದಿ, ಲೀಗ್ ಸರಾಸರಿ .320. ತೂಕ ಹಾಕಿದರೆ .3025 ಬರುತ್ತದೆ. ಅದರ ಹಿಂದೆ ತೂಕ ಸೇರಿಸಿ 6000 ಸರದಿಗಳಿವೆ. ಲೀಗ್ ಸರಾಸರಿಯ 1200 ಬೆರೆಸಿದರೆ ಸುಮಾರು .305. ಐದು ವರ್ಷ ಚಿಕ್ಕವನು, ಆದ್ದರಿಂದ 3 ಶೇಕಡಾ ಕೂಡಿಸಿದರೆ ಸುಮಾರು .315.

ಹೋದ ವರ್ಷದ .280 ಎಲ್ಲಿ, ಈ .315 ಎಲ್ಲಿ! ಮೂರು ವರ್ಷದಿಂದ ಇಳಿಯುತ್ತಿರುವ ಹುಡುಗ ಎಂದು ಎಲ್ಲರೂ ಕೈಬಿಟ್ಟವನಿಗೆ ಈ ಸೂತ್ರ ದೊಡ್ಡ ಏರಿಕೆ ಹೇಳುತ್ತಿದೆ. ಅವನು ಜಿಮ್‌ಗೆ ಹೋದನಾ, ಹೊಸ ಕೋಚ್ ಸಿಕ್ಕಿದನಾ, ಇದ್ಯಾವುದೂ ಅದಕ್ಕೆ ಗೊತ್ತಿಲ್ಲ. ಮೂರು ವರ್ಷದ ಆಟವನ್ನು ಒಟ್ಟಿಗೆ ನೋಡಿತು, ಅಷ್ಟೆ. ಹೊಸದಾಗಿ ಯಾರದೇ ಬಗ್ಗೆ ಹೇಳುವ ಮುಂಚೆ ಈ ಲೆಕ್ಕ ಮಾಡಿ. ನಿಮ್ಮ ಊಹೆ ಮಾರ್ಸೆಲ್‌ಗಿಂತ ಎಷ್ಟು ಬೇರೆ ಇದೆ ಎಂಬುದೇ ನಿಮ್ಮ ನಿಜವಾದ ಊಹೆ.

ಅದೃಷ್ಟ ಎನ್ನುತ್ತೀರಲ್ಲ, ಅದನ್ನು ಅಳೆಯುವುದು ಹೇಗೆ?

ವೋರೋಸ್ ಮೆಕ್‌ಕ್ರಾಕೆನ್ ಎಂಬ ವಿಶ್ಲೇಷಕರು 2001ರಲ್ಲಿ ಒಂದು ಮಾತು ಹೇಳಿ ಎಲ್ಲರನ್ನೂ ಬೆಚ್ಚಿಬೀಳಿಸಿದರು. ಚೆಂಡು ಬ್ಯಾಟಿಗೆ ತಗುಲಿ ಮೈದಾನದೊಳಗೆ ಬಿದ್ದ ಮೇಲೆ ಅದು ಹಿಟ್ ಆಗುತ್ತದೋ ಔಟ್ ಆಗುತ್ತದೋ ಎಂಬುದರ ಮೇಲೆ ಪಿಚರ್‌ಗಳಿಗೆ ಜನ ತಿಳಿದಷ್ಟು ಹಿಡಿತ ಇಲ್ಲ ಎಂದು. ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್), ವಾಕ್, ಹೋಮ್ ರನ್ (ನಮ್ಮ ಸಿಕ್ಸರ್‌ನಂತೆ ಬೇಲಿ ದಾಟುವ ಹೊಡೆತ) ಮಾತ್ರ ಅವರ ಕೈಯಲ್ಲಿ ಜಾಸ್ತಿ ಇವೆ. ಉಳಿದದ್ದರಲ್ಲಿ ಫೀಲ್ಡರ್‌ಗಳ ಪಾಲಿದೆ, ಅದೃಷ್ಟದ ಪಾಲಿದೆ. ಹೀಗೆ ಮೈದಾನದೊಳಗೆ ಬಿದ್ದ ಚೆಂಡುಗಳಲ್ಲಿ ಎಷ್ಟು ಹಿಟ್ ಆದವು ಎಂಬ ಲೆಕ್ಕವೇ ಬ್ಯಾಬಿಪ್. ಲೀಗ್‌ನಲ್ಲಿ ಅದು .300ರ ಹತ್ತಿರ ಸುಳಿದಾಡುತ್ತದೆ.

ಕಾರ್ಬಿನ್ ಬರ್ನ್ಸ್ ಇದಕ್ಕೆ ನನ್ನ ಅಚ್ಚುಮೆಚ್ಚಿನ ಉದಾಹರಣೆ. 2019ರಲ್ಲಿ ಮಿಲ್ವಾಕಿ ಬ್ರೂವರ್ಸ್ ಪರ ಅವರ ಇಆರ್‌ಎ 8.82. ಕೇವಲ 49 ಇನಿಂಗ್ಸ್‌ನಲ್ಲಿ 17 ಹೋಮ್ ರನ್ ಹೊಡೆಸಿಕೊಂಡರು. ಇಷ್ಟು ನೋಡಿದವರು ಮುಗಿಯಿತು ಎಂದುಕೊಂಡರು. ಆದರೆ ಅದೇ 49 ಇನಿಂಗ್ಸ್‌ನಲ್ಲಿ 70 ಸ್ಟ್ರೈಕ್‌ಔಟ್ ಇದ್ದವು. ಬ್ಯಾಬಿಪ್ .400ಕ್ಕಿಂತ ಮೇಲಿತ್ತು. ಬ್ಯಾಟರ್‌ಗಳನ್ನು ಇಷ್ಟು ಸಲ ಬೀಟ್ ಮಾಡುವವನಿಗೆ ಇಷ್ಟು ರನ್ ಹೋಗುತ್ತಲೇ ಇರಲು ಸಾಧ್ಯವಿಲ್ಲ. ಅದರ ಜೊತೆಗೆ ಅವರು ಏಟು ತಿನ್ನುತ್ತಿದ್ದ ನೇರ ಫಾಸ್ಟ್‌ಬಾಲ್ ಬಿಟ್ಟು ಕೊನೆಯಲ್ಲಿ ಸ್ವಲ್ಪ ಪಕ್ಕಕ್ಕೆ ಸರಿಯುವ ಕಟರ್ ಮೇಲೆ ಭಾರ ಹಾಕಿದರು. 2020ರಲ್ಲಿ ಇಆರ್‌ಎ 2.11. 2021ರಲ್ಲಿ 2.43, ನ್ಯಾಷನಲ್ ಲೀಗ್‌ನ (ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದು, ಇನ್ನೊಂದು ಅಮೆರಿಕನ್ ಲೀಗ್) ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ. ಆ ಸೀಸನ್‌ನ ಶುರುವಿನಲ್ಲಿ ಒಂದೇ ಒಂದು ವಾಕ್ ಕೊಡುವ ಮುಂಚೆ 58 ಸ್ಟ್ರೈಕ್‌ಔಟ್ ಮಾಡಿದರು.

ಸುಧಾರಣೆಯ ಎರಡೂ ಬಗೆ ಇಲ್ಲಿ ಸೇರಿವೆ. ಅದೃಷ್ಟ ತಿರುಗಿತು, ಆಟವೂ ಬದಲಾಯಿತು. ಬದಲಾವಣೆ ಯಾರಿಗೂ ಮೊದಲೇ ಗೊತ್ತಿರಲಿಲ್ಲ. ಅದೃಷ್ಟದ ಭಾಗ ಮಾತ್ರ 2019ರ ಅಂಕಿಗಳಲ್ಲೇ ಕಾಣುತ್ತಿತ್ತು.

ಬ್ಯಾಟರ್‌ಗಳ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ವೇಗವಾಗಿ ಓಡುವವನ, ಚೆಂಡನ್ನು ಗಟ್ಟಿಯಾಗಿ ನೇರಕ್ಕೆ ಹೊಡೆಯುವವನ ಬ್ಯಾಬಿಪ್ ಸಹಜವಾಗಿಯೇ ಜಾಸ್ತಿ. ಹಾಗಾಗಿ ಬ್ಯಾಟರ್‌ನನ್ನು ಅವನದೇ ಹಳೆಯ ಬ್ಯಾಬಿಪ್‌ಗೆ ಹೋಲಿಸಿ, ಲೀಗ್‌ಗೆ ಅಲ್ಲ.

ವಯಸ್ಸು ಎಷ್ಟು ಮುಖ್ಯ?

ಒಂದೇ ಒಂದು ಅಂಕಿ ನೋಡಲು ಬಿಟ್ಟರೆ ನಾನು ವಯಸ್ಸನ್ನೇ ನೋಡುತ್ತೇನೆ. ಬ್ಯಾಟರ್‌ಗಳು ಸಾಮಾನ್ಯವಾಗಿ 26ರಿಂದ 29ರೊಳಗೆ ತಮ್ಮ ಎತ್ತರ ಮುಟ್ಟುತ್ತಾರೆ. ಬೇಸ್‌ಬಾಲ್ ಅಂಕಿಸಂಖ್ಯೆಯ ಹಿರಿಯ ಬರಹಗಾರ ಬಿಲ್ ಜೇಮ್ಸ್ 27 ಎಂದು ಬಹಳ ಹಿಂದೆಯೇ ಬರೆದರು. ಆದರೆ ಎಲ್ಲ ಕಲೆಗಳೂ ಒಟ್ಟಿಗೆ ಮಾಗುವುದಿಲ್ಲ. ಓಟದ ವೇಗ ಇಪ್ಪತ್ತರ ಶುರುವಿನಿಂದಲೇ ಇಳಿಯತೊಡಗುತ್ತದೆ. ಹೊಡೆತದ ಬಲ ಇಪ್ಪತ್ತರ ಕೊನೆಯವರೆಗೂ ಬೆಳೆಯಬಹುದು. ಯಾವ ಚೆಂಡು ಬಿಡಬೇಕು ಎಂಬ ತಾಳ್ಮೆ ಮೂವತ್ತು ದಾಟಿದರೂ ಬೆಳೆಯುತ್ತದೆ. ಪಿಚರ್‌ಗಳ ಫಾಸ್ಟ್‌ಬಾಲ್ ವೇಗ ಮಾತ್ರ ಬಹಳ ಬೇಗ ಇಳಿಯಲು ಶುರು.

ಈ ವಯಸ್ಸಿನ ಗೆರೆ ಎಳೆಯುವಾಗ ಒಂದು ಮೋಸ ನಡೆಯುತ್ತದೆ. 33ನೇ ವಯಸ್ಸಿನಲ್ಲಿ ಹಾಳಾಗಿ ಆಡಿದವರಿಗೆ 34ರಲ್ಲಿ ಅವಕಾಶವೇ ಸಿಗುವುದಿಲ್ಲ. ಉಳಿದವರನ್ನು ಮಾತ್ರ ಎಣಿಸಿದರೆ ವಯಸ್ಸಾದವರೂ ಚೆನ್ನಾಗಿಯೇ ಆಡುತ್ತಾರೆ ಎಂದು ಕಾಣುತ್ತದೆ. ಅದಕ್ಕೆ ವಿಶ್ಲೇಷಕರು ಒಬ್ಬನೇ ಆಟಗಾರನ ಎರಡು ಸತತ ವರ್ಷಗಳ ವ್ಯತ್ಯಾಸ ತೆಗೆದು ಸರಾಸರಿ ಮಾಡುತ್ತಾರೆ. ಅದರಲ್ಲೂ ಪೂರ್ತಿ ಮೋಸ ಹೋಗುವುದಿಲ್ಲ, ಆದರೆ ಎಷ್ಟೋ ವಾಸಿ.

20, 21ರ ಹುಡುಗನೊಬ್ಬ ಮೇಜರ್ ಲೀಗ್‌ನಲ್ಲಿ ಬರೀ ಸಾಧಾರಣ ಆಟ ಆಡಿದರೂ ಅದು ದೊಡ್ಡ ಸೂಚನೆ. ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಎನ್ನುವುದು ಇಲ್ಲಿ ಅಕ್ಷರಶಃ ನಿಜ, ನೋಡಲು ಗೊತ್ತಿರಬೇಕು ಅಷ್ಟೆ. ಟ್ಯಾಂಪಾ ಬೇ ರೇಸ್‌ನ ಜೂನಿಯರ್ ಕಮಿನೆರೊ 2024ರಲ್ಲಿ 43 ಪಂದ್ಯಗಳಲ್ಲಿ 6 ಹೋಮ್ ರನ್ ಹೊಡೆದಾಗ ಅವರಿಗೆ 21. ಮರುವರ್ಷ 45 ಹೊಡೆದರು.

ಸ್ಟ್ಯಾಟ್‌ಕಾಸ್ಟ್‌ನಲ್ಲಿ ನೂರೆಂಟು ಅಂಕಿಗಳಿವೆ. ಯಾವುದನ್ನು ನೋಡಬೇಕು?

ಸ್ಟ್ಯಾಟ್‌ಕಾಸ್ಟ್ ಎಂಬ ಅಳತೆ ವ್ಯವಸ್ಥೆಯಿಂದ 2015ರಿಂದ ಮೇಜರ್ ಲೀಗ್‌ನ ಎಲ್ಲ 30 ಮೈದಾನಗಳಲ್ಲೂ ಪ್ರತಿ ಚೆಂಡಿನ ವೇಗ, ಕೋನ ಅಳೆಯುತ್ತಿದ್ದಾರೆ. 2024ರಿಂದ ಬ್ಯಾಟ್ ಬೀಸುವ ವೇಗವೂ ಎಲ್ಲರಿಗೂ ಸಿಗುತ್ತಿದೆ. ಇದರಲ್ಲಿ ನಾನು ಮೊದಲು ನೋಡುವುದು ಬ್ಯಾಟ್‌ನಿಂದ ಚೆಂಡು ಹೊರಡುವ ವೇಗವನ್ನು. ಗಂಟೆಗೆ 95 ಮೈಲಿ ದಾಟಿದರೆ ಅದನ್ನು ಗಟ್ಟಿ ಹೊಡೆತ ಎನ್ನುತ್ತಾರೆ. 98 ಮೈಲಿ ವೇಗದಲ್ಲಿ 26ರಿಂದ 30 ಡಿಗ್ರಿ ಕೋನದಲ್ಲಿ ಹೊರಟರೆ ಅದು ಬ್ಯಾರೆಲ್. ವೇಗ ಹೆಚ್ಚಾದಷ್ಟೂ ಆ ಕೋನದ ಮಿತಿ ಹಿಗ್ಗುತ್ತದೆ.

ಒಬ್ಬನ ಅತಿ ವೇಗದ ಹೊಡೆತ ಎಷ್ಟು ಎಂಬುದು ಬೇಗ ಗೊತ್ತಾಗುತ್ತದೆ. ಅದೃಷ್ಟದಿಂದ ಯಾರೂ 115 ಮೈಲಿ ವೇಗದಲ್ಲಿ ಹೊಡೆಯಲು ಆಗುವುದಿಲ್ಲ, ಅಲ್ವಾ? ಬಲ ಇದೆ, ಫಲ ಬಂದಿಲ್ಲ ಎಂಬ ಆಟಗಾರರೇ ನಮಗೆ ಬೇಕಾದವರು.

ವ್ಲಾಡಿಮಿರ್ ಗೆರೆರೊ ಜೂನಿಯರ್ ಅವರನ್ನೇ ನೋಡಿ. ಟೊರಾಂಟೊ ಬ್ಲೂ ಜೇಸ್‌ಗೆ ಬರುವಾಗ ಎಲ್ಲರ ಕಣ್ಣು ಅವರ ಮೇಲಿತ್ತು. 2019ರಲ್ಲಿ 123 ಪಂದ್ಯಕ್ಕೆ 15 ಹೋಮ್ ರನ್. ಕೋವಿಡ್‌ನಿಂದ ಚಿಕ್ಕದಾದ 2020ರ ಸೀಸನ್‌ನಲ್ಲಿ 60 ಪಂದ್ಯಕ್ಕೆ 9. ಜನ ಬೇಸರಪಟ್ಟರು. ಆದರೆ ಆ ಎರಡೂ ವರ್ಷ ಅವರ ಅತಿ ವೇಗದ ಹೊಡೆತ ಲೀಗ್‌ನ ಮೇಲ್ಸಾಲಿನಲ್ಲೇ ಇತ್ತು. ತೊಂದರೆ ಒಂದೇ: ಚೆಂಡು ನೆಲಕ್ಕೆ ಬೀಳುತ್ತಿತ್ತು. 2020ರಲ್ಲಿ ಬ್ಯಾಟಿಗೆ ತಗುಲಿದ ಅರ್ಧಕ್ಕಿಂತ ಜಾಸ್ತಿ ಚೆಂಡುಗಳು ಗ್ರೌಂಡ್ ಬಾಲ್. ಎಷ್ಟೇ ಜೋರಾಗಿ ನೆಲಕ್ಕೆ ಬಡಿದರೂ ಚೆಂಡು ಬೇಲಿ ದಾಟುವುದಿಲ್ಲ. 2021ರಲ್ಲಿ ತೂಕ ಇಳಿಸಿಕೊಂಡು ಬಂದರು, ಗ್ರೌಂಡ್ ಬಾಲ್ ಕಡಿಮೆಯಾದವು. 48 ಹೋಮ್ ರನ್, ಆವರೇಜ್ .311, ಎಂವಿಪಿ (ವರ್ಷದ ಅತ್ಯಮೂಲ್ಯ ಆಟಗಾರ) ಮತದಾನದಲ್ಲಿ ಒಹ್ಟಾನಿ ಹಿಂದೆ ಎರಡನೇ ಸ್ಥಾನ. ಆಗ ಅವರಿಗೆ 22.

ಕೋನ ತಿದ್ದಿಕೊಳ್ಳಬಹುದು. ಬಲ ತಂದುಕೊಳ್ಳುವುದು ಕಷ್ಟ. ಅದಕ್ಕೆ ಬಲ ಇರುವವನನ್ನು ಆರಿಸಿ ಕಾಯುವುದು ಒಳ್ಳೆಯ ಬಾಜಿ. ಎಲ್ಲರೂ ತಿದ್ದಿಕೊಳ್ಳುವುದಿಲ್ಲ ಎಂಬುದನ್ನೂ ನೆನಪಿಡಿ. ಗಟ್ಟಿಯಾಗಿ ಹೊಡೆಯುತ್ತಾ, ನೆಲಕ್ಕೇ ಹೊಡೆಯುತ್ತಾ ಇಡೀ ವೃತ್ತಿ ಮುಗಿಸಿದವರೂ ಇದ್ದಾರೆ.

ಇನ್ನು "ನಿರೀಕ್ಷಿತ" ಎಂದು ಶುರುವಾಗುವ ಅಂಕಿಗಳು. ಹೊಡೆತದ ವೇಗ, ಕೋನ ನೋಡಿ ಇಷ್ಟು ಫಲ ಬರಬೇಕಿತ್ತು ಎಂದು ಅವು ಹೇಳುತ್ತವೆ. ಆಗಿಹೋದದ್ದನ್ನು ವಿವರಿಸಲು ಮಾಡಿದ ಅಂಕಿಗಳು ಅವು. ಮುಂದಿನದನ್ನು ಹೇಳುವ ಅಂದಾಜು ಎಂದು ಅವನ್ನು ಬಳಸಬೇಡಿ.

ಎಷ್ಟು ಪಂದ್ಯ ಆದ ಮೇಲೆ ಅಂಕಿಯನ್ನು ನಂಬಬಹುದು?

ಅಂಕಿಯ ಮೇಲೆ ಹೋಗುತ್ತದೆ. ರಸೆಲ್ ಕಾರ್ಲ್‌ಟನ್ ಎಂಬ ಸಂಶೋಧಕರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅವರ ಲೆಕ್ಕದ ಪ್ರಕಾರ ಬ್ಯಾಟರ್‌ನ ಸ್ಟ್ರೈಕ್‌ಔಟ್ ಪಾಲಿಗೆ ಸುಮಾರು 60 ಸರದಿ ಸಾಕು. ವಾಕ್‌ಗೆ 120, ಹೋಮ್ ರನ್‌ಗೆ 170. ಬ್ಯಾಬಿಪ್‌ಗೆ ಮೈದಾನದೊಳಗೆ ಬಿದ್ದ 820 ಚೆಂಡುಗಳು ಬೇಕು, ಅಂದರೆ ಒಂದು ಸೀಸನ್ ಸಾಲುವುದಿಲ್ಲ. ಅಲ್ಲಿಗೆ ಮುಟ್ಟಿದರೂ ಅರ್ಧ ಆಟಗಾರನ ಗುಣ, ಅರ್ಧ ಗದ್ದಲ ಎಂದಷ್ಟೇ ಅರ್ಥ.

ಇದರಿಂದ ಒಂದು ಒಳ್ಳೆಯ ಉಪಾಯ ಸಿಗುತ್ತದೆ. ಹೋದ ಸೀಸನ್‌ನ ಕೊನೆಯ ಎರಡು ತಿಂಗಳಲ್ಲಿ ಒಬ್ಬನ ಆವರೇಜ್ ಏರಿದ್ದರೆ ಬಿಟ್ಟುಬಿಡಿ. ಸ್ಟ್ರೈಕ್‌ಔಟ್ ಗಮನಕ್ಕೆ ಬರುವಷ್ಟು ಇಳಿದಿದ್ದರೆ ಹೆಸರು ಬರೆದಿಟ್ಟುಕೊಳ್ಳಿ.

ಆರನ್ ಜಡ್ಜ್ ಅವರನ್ನು ಈ ಲೆಕ್ಕದಿಂದ ಹಿಡಿಯಲು ಆಗುತ್ತಿತ್ತಾ?

ಸುಲಭವಾಗಿ ಆಗುತ್ತಿರಲಿಲ್ಲ. 2016ರಲ್ಲಿ ಯಾಂಕೀಸ್‌ಗೆ ಬಂದು 95 ಸರದಿಗಳಲ್ಲಿ 42 ಸಲ ಸ್ಟ್ರೈಕ್‌ಔಟ್ ಆದರು. ಆವರೇಜ್ .179. ಸ್ಟ್ರೈಕ್‌ಔಟ್ ಅಂಕಿಯನ್ನು ಬೇಗ ನಂಬಬಹುದು ಎಂದು ಈಗಷ್ಟೇ ಹೇಳಿದೆ, ಅದು ಇಲ್ಲಿ ಕೆಟ್ಟ ಸುದ್ದಿಯನ್ನೇ ಹೇಳುತ್ತಿತ್ತು. ಮರುವರ್ಷ 52 ಹೋಮ್ ರನ್ ಹೊಡೆದು ಸರ್ವಾನುಮತದಿಂದ ರೂಕಿ ಆಫ್ ದಿ ಇಯರ್ (ವರ್ಷದ ಅತ್ಯುತ್ತಮ ಹೊಸಬ) ಆದರು. 2022ರಲ್ಲಿ 62 ಹೊಡೆದು ಅಮೆರಿಕನ್ ಲೀಗ್ ದಾಖಲೆ ಮಾಡಿದರು. ಬಲ ಇತ್ತು, ಮೈನರ್ ಲೀಗ್‌ನ (ಮೇಜರ್ ಲೀಗ್‌ಗಿಂತ ಕೆಳಹಂತದ ಲೀಗ್‌ಗಳು) ಇತಿಹಾಸ ಇತ್ತು: ಪ್ರತಿ ಹೊಸ ಮಟ್ಟದಲ್ಲಿ ಮೊದಲು ತಡವರಿಸಿ ಆಮೇಲೆ ಹಿಡಿತಕ್ಕೆ ಬಂದ ಇತಿಹಾಸ. ಅದನ್ನು ನೋಡಿದವರು ಒಳ್ಳೆಯ ಬ್ಯಾಟರ್ ಆಗುತ್ತಾನೆ ಎಂದು ಹೇಳಬಹುದಿತ್ತು. 52 ಎಂದು ಹೇಳಲು ಯಾವ ಲೆಕ್ಕಕ್ಕೂ ಸಾಧ್ಯವಿರಲಿಲ್ಲ.

ಪಿಚರ್‌ಗಳಲ್ಲಿ ಏನನ್ನು ಹುಡುಕಬೇಕು?

ಸ್ಟ್ರೈಕ್‌ಔಟ್ ಶೇಕಡಾದಿಂದ ವಾಕ್ ಶೇಕಡಾ ಕಳೆಯಿರಿ. ಇಆರ್‌ಎಗಿಂತ ಇದು ಮುಂದಿನ ವರ್ಷದ ಬಗ್ಗೆ ಜಾಸ್ತಿ ಹೇಳುತ್ತದೆ. ಡೆಟ್ರಾಯಿಟ್‌ನ ತಾರಿಕ್ ಸ್ಕೂಬಲ್ 2022ರಲ್ಲಿ ಮೊಣಕೈಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು 2023ರ ಜುಲೈನಲ್ಲಿ ವಾಪಸ್ ಬಂದರು. ಸುಮಾರು 80 ಇನಿಂಗ್ಸ್ ಆಡಿದರು. 102 ಸ್ಟ್ರೈಕ್‌ಔಟ್, ಬರೀ 14 ವಾಕ್. ಅರ್ಧ ಸೀಸನ್ ಆದ್ದರಿಂದ ಒಟ್ಟು ಅಂಕಿಗಳ ಪಟ್ಟಿಯಲ್ಲಿ ಅವರ ಹೆಸರು ಕೆಳಗೆಲ್ಲೋ ಇತ್ತು. 2024ರಲ್ಲಿ 18 ಗೆಲುವು, 4 ಸೋಲು, ಇಆರ್‌ಎ 2.39, ಸೈ ಯಂಗ್. ಇದು ಚೆನ್ನಾಗಿ ಹುಡುಕಿದವರಿಗೆ ಕಾಣುತ್ತಿದ್ದ ಏರಿಕೆ.

ಎರಡನೆಯದು, ತಪ್ಪು ಪಿಚ್‌ಗಳನ್ನು ಜಾಸ್ತಿ ಎಸೆಯುತ್ತಿರುವ ಒಳ್ಳೆಯ ಪಿಚರ್. ಗೆರಿಟ್ ಕೋಲ್ 2017ರಲ್ಲಿ ಪಿಟ್ಸ್‌ಬರ್ಗ್‌ಗೆ ಆಡುವಾಗ ಇಆರ್‌ಎ 4.26. 2018ರ ಜನವರಿಯಲ್ಲಿ ಹ್ಯೂಸ್ಟನ್‌ಗೆ ಹೋದರು. ಅಲ್ಲಿ ಕೆಳಕ್ಕೆ ಇಳಿಯುವ ಸಿಂಕರ್ ಕಡಿಮೆ ಮಾಡಿ ನೇರ ಫಾಸ್ಟ್‌ಬಾಲ್ ಅನ್ನು ಮೇಲಕ್ಕೆ ಎಸೆಯತೊಡಗಿದರು, ಬಾಗಿ ಬರುವ ಬ್ರೇಕಿಂಗ್ ಬಾಲ್ ಜಾಸ್ತಿ ಮಾಡಿದರು. ಇಆರ್‌ಎ 2.88, ಸ್ಟ್ರೈಕ್‌ಔಟ್ 276. ಕೈ ಅದೇ. ಎಸೆಯುವ ಆಯ್ಕೆ ಬದಲಾಯಿತು. ಪಿಚರ್ ತಂಡ ಬದಲಾಯಿಸಿದಾಗ, ಅದರಲ್ಲೂ ಪಿಚರ್‌ಗಳನ್ನು ತಿದ್ದುವುದರಲ್ಲಿ ಹೆಸರು ಮಾಡಿದ ತಂಡಕ್ಕೆ ಹೋದಾಗ, ನಾನು ಅವನ ಅಂದಾಜನ್ನು ಸ್ವಲ್ಪ ಮೇಲಕ್ಕೆ ಎತ್ತುತ್ತೇನೆ.

ರಾಬಿ ರೇ ಅವರಂಥ ಏರಿಕೆ ಕಷ್ಟದ ಜಾತಿಯದು. 2020ರಲ್ಲಿ ಸುಮಾರು 52 ಇನಿಂಗ್ಸ್‌ಗೆ 45 ವಾಕ್, ಇಆರ್‌ಎ 6.62. 2021ರಲ್ಲಿ 193 ಇನಿಂಗ್ಸ್‌ಗೆ 52 ವಾಕ್ ಮಾತ್ರ, ಇಆರ್‌ಎ 2.84, ಅಮೆರಿಕನ್ ಲೀಗ್‌ನ ಸೈ ಯಂಗ್. ನಿಯಂತ್ರಣ ಹೀಗೆ ರಾತ್ರೋರಾತ್ರಿ ಬರುವುದನ್ನು ಚಳಿಗಾಲದಲ್ಲೇ ಹೇಳುವ ದಾರಿ ನನಗೆ ಕಂಡಿಲ್ಲ.

ಗಾಯದಿಂದ ವಾಪಸ್ ಬರುವವರು?

ಜನ ಕಡೆಗಣಿಸುವ ದೊಡ್ಡ ಗುಂಪು ಇದು. ಕೋಡಿ ಬೆಲಿಂಜರ್ 2019ರ ನ್ಯಾಷನಲ್ ಲೀಗ್ ಎಂವಿಪಿ. 2020ರ ಕೊನೆಗೆ ಭುಜದ ಶಸ್ತ್ರಚಿಕಿತ್ಸೆ ಆಯಿತು. 2021ರಲ್ಲಿ ಆವರೇಜ್ .165, 2022ರಲ್ಲಿ .210. ಡಾಡ್ಜರ್ಸ್ ಬಿಟ್ಟುಕೊಟ್ಟರು. 2023ರಲ್ಲಿ ಕಬ್ಸ್‌ಗೆ .307 ಹೊಡೆದರು. ಭುಜ, ಮಣಿಕಟ್ಟು, ಅಂಗೈ ಮೂಳೆ ಇವುಗಳ ಗಾಯ ಬ್ಯಾಟರ್‌ನ ಬಲವನ್ನು ಬಹಳ ದಿನ ತಿನ್ನುತ್ತದೆ. ಹಾಳಾದ ವರ್ಷಕ್ಕೆ ಕಾರಣ ಇದೆ, ಆ ಕಾರಣ ಈಗ ಇಲ್ಲ ಎಂದಾದರೆ ಆ ವರ್ಷದ ತೂಕ ಕಡಿಮೆ ಮಾಡಿ. ಮಾರ್ಸೆಲ್‌ಗೆ ಇದು ಗೊತ್ತಾಗುವುದಿಲ್ಲ, ನಿಮಗೆ ಗೊತ್ತಾಗುತ್ತದೆ.

ಹೊಸ ಸ್ವಿಂಗ್ ಕಲಿತಿದ್ದೇನೆ ಎಂದು ಆಟಗಾರರು ಹೇಳುವುದನ್ನು ನಂಬಬಹುದಾ?

ಫೆಬ್ರವರಿಯಲ್ಲಿ ಎಲ್ಲರೂ ಹಾಗೆಯೇ ಹೇಳುತ್ತಾರೆ. ಜೀವನದಲ್ಲೇ ಇಷ್ಟು ಫಿಟ್ ಆಗಿರಲಿಲ್ಲ ಎನ್ನುವವರೂ ಪ್ರತಿ ತಂಡದಲ್ಲಿ ಸಿಗುತ್ತಾರೆ. ಹಾಗೆಂದು ಎಲ್ಲವನ್ನೂ ತಳ್ಳಿಹಾಕಿದರೆ ದೊಡ್ಡ ಏರಿಕೆಗಳೇ ತಪ್ಪಿಹೋಗುತ್ತವೆ.

ಜೆ.ಡಿ. ಮಾರ್ಟಿನೆಜ್ 2013ರಲ್ಲಿ ಹ್ಯೂಸ್ಟನ್‌ಗೆ 7 ಹೋಮ್ ರನ್ ಹೊಡೆದಿದ್ದರು. ಆ ಚಳಿಗಾಲದಲ್ಲಿ ಖಾಸಗಿ ಕೋಚ್‌ಗಳ ಬಳಿ ಕೂತು ಸ್ವಿಂಗನ್ನು ಮೊದಲಿನಿಂದ ಕಟ್ಟಿದರು. ಮಾರ್ಚ್‌ನಲ್ಲಿ ತಂಡ ಅವರನ್ನು ಕೈಬಿಟ್ಟಿತು. ಡೆಟ್ರಾಯಿಟ್‌ಗೆ ಹೋಗಿ ಅದೇ ವರ್ಷ .315 ಆವರೇಜ್, 23 ಹೋಮ್ ರನ್. 2017ರಲ್ಲಿ 45. ಜಸ್ಟಿನ್ ಟರ್ನರ್ ಕೂಡ ಮೆಟ್ಸ್ ಕೈಬಿಟ್ಟ ಮೇಲೆ ಹೊಸ ಸ್ವಿಂಗ್‌ನೊಂದಿಗೆ 2014ರಲ್ಲಿ ಡಾಡ್ಜರ್ಸ್‌ಗೆ .340 ಹೊಡೆದರು. ತಮ್ಮದೇ ತಂಡಕ್ಕೆ ಬೇಡವಾದವರು ಇವರು. ದಿನಾ ನೆಟ್ಸ್‌ನಲ್ಲಿ ನೋಡುತ್ತಿದ್ದ ತಂಡಗಳಿಗೇ ಕಾಣಲಿಲ್ಲ ಎಂದರೆ ಈ ಕೆಲಸ ಎಷ್ಟು ಕಷ್ಟ ಎಂದು ಲೆಕ್ಕ ಹಾಕಿ.

ಹೋಸೆ ಬಟಿಸ್ಟಾ ಅವರ ಕಥೆಯಲ್ಲಿ ಮಾತ್ರ ಒಂದು ಸುಳಿವು ಇತ್ತು. ಟೊರಾಂಟೊದಲ್ಲಿ 2009ರ ಕೊನೆಯ ಭಾಗದಲ್ಲಿ ಸ್ವಿಂಗನ್ನು ಮುಂಚೆಯೇ ಶುರು ಮಾಡುವುದನ್ನು ಕಲಿತರು. ಆ ವರ್ಷದ 13 ಹೋಮ್ ರನ್‌ಗಳಲ್ಲಿ ಹೆಚ್ಚಿನವು ಬಂದದ್ದು ಸೆಪ್ಟೆಂಬರ್ ಶುರುವಾದ ಮೇಲೆಯೇ. 2010ರಲ್ಲಿ 54, ಮರುವರ್ಷ 43. ಹಾಗಾಗಿ ನನ್ನ ನಿಯಮ ಇದು: ಮಾತು ಒಂದೇ ಇದ್ದರೆ ಬೇಡ. ಮಾತಿನ ಜೊತೆ ಅಂಕಿಯೂ ಅದೇ ದಿಕ್ಕಿಗೆ ಅಲುಗಿದ್ದರೆ ಪಟ್ಟಿಗೆ ಸೇರಿಸಿ.

ಸ್ಪ್ರಿಂಗ್ ಟ್ರೇನಿಂಗ್, ಅಂದರೆ ಸೀಸನ್‌ಗೂ ಮುಂಚಿನ ಅಭ್ಯಾಸ ಪಂದ್ಯಗಳ ಅಂಕಿಗಳು?

ಆವರೇಜ್, ಇಆರ್‌ಎ ನೋಡಬೇಡಿ. ಅರ್ಧ ತಂಡಗಳು ಅಭ್ಯಾಸ ಮಾಡುವ ಅರಿಜೋನಾದ ಒಣ ಗಾಳಿಯಲ್ಲಿ ಚೆಂಡು ದೂರ ಹಾರುತ್ತದೆ, ಎದುರಿಗಿರುವ ಪಿಚರ್ ಎಷ್ಟೋ ಸಲ ಮೈನರ್ ಲೀಗ್ ಹುಡುಗ. ಪಿಚರ್‌ನ ಫಾಸ್ಟ್‌ಬಾಲ್ ವೇಗ ಹೋದ ವರ್ಷಕ್ಕಿಂತ ಒಂದೆರಡು ಮೈಲಿ ಏರಿದೆಯಾ, ಹೊಸ ಪಿಚ್ ಎಸೆಯುತ್ತಿದ್ದಾನಾ, ಬ್ಯಾಟರ್‌ಗೆ ಯಾವ ಕ್ರಮಾಂಕದಲ್ಲಿ ಆಡಿಸುತ್ತಿದ್ದಾರೆ, ಇಷ್ಟು ನೋಡಿ.

ಹೋದ ವರ್ಷ ದಿಢೀರನೆ ಮೇಲೆ ಬಂದವನು ಇನ್ನೂ ಮೇಲೆ ಹೋಗುತ್ತಾನಾ?

ಸಾಮಾನ್ಯವಾಗಿ ಇಲ್ಲ. ಬ್ರೇಡಿ ಆಂಡರ್ಸನ್ 1995ರಲ್ಲಿ 16 ಹೋಮ್ ರನ್, 1996ರಲ್ಲಿ 50, 1997ರಲ್ಲಿ 18. ಜಕೋಬಿ ಎಲ್ಸ್‌ಬರಿ 2011ರಲ್ಲಿ 32 ಹೊಡೆದರು, ಬೇರೆ ಯಾವ ವರ್ಷವೂ 16 ದಾಟಲಿಲ್ಲ. 60 ಹೋಮ್ ರನ್ ಹೊಡೆದ 2025ರ ಕ್ಯಾಲ್ ರಾಲಿ ಅವರಂಥವರಿಗೂ ಮುಂದಿನ ವರ್ಷದ ಅಂದಾಜು ಕೆಳಗೇ ಇರಬೇಕು. ಇದು ಅವರಿಗೆ ಮಾಡುವ ಅವಮಾನ ಅಲ್ಲ. ಅಷ್ಟು ಎತ್ತರದಲ್ಲಿ ಎಲ್ಲವೂ ಕೂಡಿಬಂದಿರುತ್ತದೆ, ಮತ್ತೆ ಹಾಗೇ ಕೂಡಿಬರುವುದು ಅಪರೂಪ.

ಆಟಗಾರ ಬದಲಾಗದೆ ಅಂಕಿ ಮಾತ್ರ ಬದಲಾಗಬಹುದಾ?

ಖಂಡಿತ. 2018ರಲ್ಲಿ ಇಡೀ ಮೇಜರ್ ಲೀಗ್‌ನಲ್ಲಿ 5,585 ಹೋಮ್ ರನ್ ಬಂದವು. 2019ರಲ್ಲಿ 6,776, ಗಾಳಿಯನ್ನು ಸುಲಭವಾಗಿ ಸೀಳುವ ಚೆಂಡು ಅದಕ್ಕೆ ಒಂದು ಮುಖ್ಯ ಕಾರಣ. ಆ ವರ್ಷ "ಸುಧಾರಿಸಿದ" ಎಷ್ಟೋ ಜನ ಲೀಗ್ ಜೊತೆಗೆ ತೇಲಿದವರು. 2023ರಲ್ಲಿ ಬೇಸ್‌ಗಳ ಅಗಲವನ್ನು 15 ಇಂಚಿನಿಂದ 18ಕ್ಕೆ ಏರಿಸಿದರು, ಎಸೆತಕ್ಕೆ ಸಮಯದ ಮಿತಿ ಹಾಕುವ ಪಿಚ್ ಕ್ಲಾಕ್ ತಂದರು. ಕದ್ದ ಬೇಸ್‌ಗಳು (ಹೊಡೆತಕ್ಕೆ ಕಾಯದೆ ಓಡಿ ಹಿಡಿದ ಮುಂದಿನ ಬೇಸ್) 2,486ರಿಂದ 3,503ಕ್ಕೆ ಜಿಗಿದವು. ಮೊಣಕಾಲು ಗಾಯದಿಂದ ಚೇತರಿಸಿಕೊಂಡ ರೊನಾಲ್ಡ್ ಅಕುನ್ಯಾ ಜೂನಿಯರ್ 29ರಿಂದ 73ಕ್ಕೆ ಹೋದರು. ಆದ್ದರಿಂದ ಯಾವಾಗಲೂ ಲೀಗ್ ಸರಾಸರಿ 100 ಎಂದಿಟ್ಟುಕೊಂಡು ಅಳೆಯುವ ಅಂಕಿಗಳನ್ನೇ ಬಳಸಿ. ಮೈದಾನವೂ ಲೆಕ್ಕಕ್ಕೆ ಬರಬೇಕು. ಸಮುದ್ರಮಟ್ಟದಿಂದ ಒಂದು ಮೈಲಿ ಎತ್ತರದ ಡೆನ್ವರ್‌ಗೆ ಹೋದ ಬ್ಯಾಟರ್‌ನ ಅಂಕಿ ತಾನಾಗಿಯೇ ಏರುತ್ತದೆ.

ಪೆಕೋಟಾ, ಜಿಪ್ಸ್, ಸ್ಟೀಮರ್, ಇವುಗಳಲ್ಲಿ ಯಾವುದು ಒಳ್ಳೆಯದು?

ಮೂರೂ ಅಂದಾಜು ಪದ್ಧತಿಗಳೇ, ಅವುಗಳ ಸರಾಸರಿ ತೆಗೆದುಕೊಳ್ಳಿ. ಜಿಪ್ಸ್ ಡ್ಯಾನ್ ಸಿಂಬೋರ್ಸ್ಕಿ ಅವರದು. ಸ್ಟೀಮರ್ ಬ್ರೂಕ್ಲಿನ್‌ನ ಒಬ್ಬ ಶಾಲಾ ಮೇಷ್ಟರು ತಮ್ಮ ವಿದ್ಯಾರ್ಥಿಗಳ ಜೊತೆ ಸೇರಿ ಕಟ್ಟಿದ್ದು, ಈ ವಿಷಯದಲ್ಲಿ ನನಗೆ ಅತ್ಯಂತ ಸಂತೋಷ ಕೊಡುವ ಸಂಗತಿ ಅದು. ಒಂದೊಂದು ವರ್ಷ ಒಂದೊಂದು ಮುಂದೆ ಇರುತ್ತದೆ. ಎಲ್ಲವೂ ತುಂಬಾ ಒಪ್ಪಿಕೊಳ್ಳುವ ಆಟಗಾರನಿಗಿಂತ, ಅವು ತಮ್ಮತಮ್ಮಲ್ಲೇ ಜಗಳವಾಡುವ ಆಟಗಾರನ ಹತ್ತಿರ ನಿಮ್ಮ ಸಮಯ ಕಳೆಯಿರಿ. ದೊಡ್ಡ ಏರಿಕೆಗೂ ದೊಡ್ಡ ಕುಸಿತಕ್ಕೂ ಜಾಗ ಇರುವುದು ಅಲ್ಲೇ.

ಆಟ ಸುಧಾರಿಸಿದರೂ ಅವಕಾಶ ಸಿಗದಿದ್ದರೆ?

ಅಂಕಿ ಏರುವುದಿಲ್ಲ. ಮ್ಯಾಕ್ಸ್ ಮನ್ಸಿ ಅವರನ್ನು ಓಕ್‌ಲ್ಯಾಂಡ್ 2017ರ ಶುರುವಿನಲ್ಲಿ ಬಿಟ್ಟಿತು. ಡಾಡ್ಜರ್ಸ್ ಅವರನ್ನು ಇಡೀ ವರ್ಷ ಮೈನರ್ ಲೀಗ್‌ನಲ್ಲಿ ಇಟ್ಟರು. ಅಲ್ಲಿ ಚೆನ್ನಾಗಿ ಆಡಿದರು, ಯಾರೂ ನೋಡಲಿಲ್ಲ. 2018ರಲ್ಲಿ ಗಾಯಾಳುಗಳ ಜಾಗ ಖಾಲಿಯಾದಾಗ ಕರೆ ಬಂತು, 35 ಹೋಮ್ ರನ್ ಹೊಡೆದರು. ಒಟ್ಟು ಅಂಕಿ ಯಾರದು ಜಾಸ್ತಿ ಏರುತ್ತದೆ ಎಂದು ಕೇಳಿದರೆ ಅರ್ಧ ಉತ್ತರ ತಂಡದ ಆಟಗಾರರ ಪಟ್ಟಿಯಲ್ಲೇ ಇರುತ್ತದೆ: ಯಾರು ಬಿಟ್ಟು ಹೋದರು, ಯಾರ ಜಾಗ ಖಾಲಿ ಇದೆ.

ಫ್ಯಾಂಟಸಿ ಲೀಗ್‌ನಲ್ಲಿ ಇದನ್ನು ಹೇಗೆ ಬಳಸುವುದು?

ಮೊದಲ ಐದಾರು ಸುತ್ತುಗಳಲ್ಲಿ ಗಟ್ಟಿ ಆಟಗಾರರನ್ನೇ ತೆಗೆದುಕೊಳ್ಳಿ. ಏರಿಕೆಯ ಊಹೆಗಳನ್ನು ಕೊನೆಯ ಸುತ್ತುಗಳಿಗೆ ಇಟ್ಟುಕೊಳ್ಳಿ. ಅಲ್ಲಿ ತಪ್ಪಿದರೆ ನಷ್ಟ ಕಡಿಮೆ. ಎರಡು ವರ್ಷದ ಹಿಂದೆ ಎಲ್ಲರೂ ಹೊಗಳಿ, ಹೋದ ವರ್ಷ ಮರೆತುಬಿಟ್ಟ 23, 24ರ ಹುಡುಗರು ಅಲ್ಲಿ ಅಗ್ಗಕ್ಕೆ ಸಿಗುತ್ತಾರೆ. ಅದೇ ಹುಡುಗ ಮಾರ್ಚ್‌ನಲ್ಲಿ ಎರಡು ಹೋಮ್ ರನ್ ಹೊಡೆದು ಬೆಲೆ ಏರಿದರೆ ಬಿಟ್ಟುಬಿಡಿ. ಆಟಗಾರ ಅವನೇ ಇದ್ದಾನೆ, ಬೆಲೆ ಮಾತ್ರ ಕೆಟ್ಟಿತು.

ನನ್ನ ಊಹೆಗಳು ಚೆನ್ನಾಗಿವೆಯಾ ಎಂದು ತಿಳಿಯುವುದು ಹೇಗೆ?

ಸೀಸನ್ ಶುರುವಾಗುವ ಮುಂಚೆ ಬರೆದಿಡಿ. ಬರೀ ಹೆಸರಲ್ಲ, ಶೇಕಡಾ ಎಷ್ಟು ನಂಬಿಕೆ ಎಂದೂ ಬರೆಯಿರಿ. 30 ಶೇಕಡಾ ಎಂದು ಬರೆದ ಹತ್ತು ಜನರಲ್ಲಿ ಮೂವರು ಮೇಲೆ ಬಂದರೆ ನೀವು ಚೆನ್ನಾಗಿ ಅಂದಾಜು ಮಾಡಿದ್ದೀರಿ. ಏಳು ಜನ ಬರಲಿಲ್ಲ ಎಂದು ಕೊರಗಬೇಕಿಲ್ಲ.

ಇನ್ನೊಂದು ಕೆಲಸವನ್ನು ದಯವಿಟ್ಟು ಮಾಡಿ. ನೀವು ಆರಿಸಿದ ಪ್ರತಿ ಆಟಗಾರನ ಪಕ್ಕದಲ್ಲಿ ಅದೇ ವಯಸ್ಸಿನ, ಅದೇ ಮಾರ್ಸೆಲ್ ಅಂದಾಜಿನ, ನೀವು ಆರಿಸದ ಇನ್ನೊಬ್ಬನ ಹೆಸರು ಬರೆಯಿರಿ. ಅಕ್ಟೋಬರ್‌ನಲ್ಲಿ ಎರಡೂ ಗುಂಪನ್ನು ಹೋಲಿಸಿ. ಹೋದ ವರ್ಷ ಹಾಳಾಗಿ ಆಡಿದ ಎಳೆಯರ ಪಟ್ಟಿ ಹೇಗೆ ಮಾಡಿದರೂ ಸ್ವಲ್ಪ ಏರುತ್ತದೆ. ನಿಮ್ಮ ಕಣ್ಣಿಗೆ ಬೆಲೆ ಇದೆಯಾ ಎಂದು ಗೊತ್ತಾಗುವುದು ಈ ಜೋಡಿ ಪಟ್ಟಿಯಿಂದ ಮಾತ್ರ.

ಪಟ್ಟಿಯನ್ನು ಯಾವಾಗ ಮುಗಿಸಬೇಕು?

ಮಾರ್ಚ್ ಮಧ್ಯಕ್ಕೆ. ಅಷ್ಟರಲ್ಲಿ ಗಾಯಗಳ ಸುದ್ದಿ, ಯಾರಿಗೆ ಜಾಗ ಎಂಬ ಸುದ್ದಿ ಬಹುಪಾಲು ಬಂದಿರುತ್ತದೆ. ಆಮೇಲೆ ಏಪ್ರಿಲ್ ಕೊನೆಯವರೆಗೆ ಮುಟ್ಟಬೇಡಿ. ಆಗ ದಿನಾ ಆಡುವ ಬ್ಯಾಟರ್‌ಗೆ ನೂರರ ಹತ್ತಿರ ಸರದಿ ಆಗಿರುತ್ತವೆ. ಬ್ಯಾಟರ್‌ಗಳ ಸ್ಟ್ರೈಕ್‌ಔಟ್ ಪಾಲು, ಹೊಡೆತದ ವೇಗ, ಪಿಚರ್‌ಗಳ ಫಾಸ್ಟ್‌ಬಾಲ್ ವೇಗ, ಈ ಮೂರನ್ನು ಮಾತ್ರ ನೋಡಿ ಶೇಕಡಾ ತಿದ್ದಿ. ಆವರೇಜ್ ಕಾಲಂ ಮುಚ್ಚಿಟ್ಟುಕೊಂಡೇ ತಿದ್ದಿ.